ಎರಡೂ ಎಡತೋಳು

ಫೆಬ್ರವರಿ ೬

ಬಲತೋಳಿಗೆ,

ಇದು ರಾಜಿಯ ಕಾಗದವಲ್ಲ. ಹನ್ನೊಂದು ವರ್ಷ ಮಾತಿಲ್ಲದೆ ಇದ್ದೇನೆ, ಇನ್ನೂ ಹನ್ನೊಂದು ವರ್ಷ ಇರಬಲ್ಲೆ. ನನಗೆ ಒಂದು ಬಲತೋಳು ಬೇಕು. ಅಷ್ಟಕ್ಕೇ ಬರೆಯುತ್ತಿದ್ದೇನೆ. ನಿನ್ನ ವಿಳಾಸ ಕೊಟ್ಟವಳು ಕಾಲರ್; ಹೊಲಿಯುತ್ತಿದ್ದ ಭಾಗದ ಹೆಸರೇ ನಮ್ಮ ಹಾಗೆ ಅವಳಿಗೂ ಅಂಟಿಕೊಂಡಿದೆ. "ಅವಳ ಕಾಲಿಗೇನೂ ಬೀಳ್ಬೇಡ, ಕೆಲ್ಸ ಎಷ್ಟೋ ಅಷ್ಟು ಕೇಳು" ಅಂದಳು. ಬೀಳುವವಳು ಯಾರು?

ಗುಂಡಿ ನೆನಪಿದ್ದಾಳಾ ಎಂದು ಕೇಳುವುದಿಲ್ಲ. ಫ್ಯಾಕ್ಟರಿಯ ಕೂಸಿನ ಕೋಣೆಯಲ್ಲಿ ಕೋಟಿನ ಗುಂಡಿ ನುಂಗಿ ನನ್ನ ಮಗಳು ಕಣ್ಣು ಮೇಲೆ ಮಾಡಿದಾಗ, ಕಾಲು ಹಿಡಿದು ತಲೆಕೆಳಗು ಮಾಡಿ, ಬೆನ್ನಿಗೆ ಗುದ್ದಿ ಕಕ್ಕಿಸಿದವಳು ನೀನು. ಆವತ್ತಿನಿಂದ ಅವಳಿಗೆ ಅದೇ ಹೆಸರು. ಈಗ ಇಪ್ಪತ್ತೆರಡು ವರ್ಷ. ಬಟಾಣಿ, ಜೋಳ ಹೆಪ್ಪುಗಟ್ಟಿಸಿ ಚೀಲಕ್ಕೆ ತುಂಬುವ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಹೊರಗೆ ಬಿಸಿಲಿಗೆ ಡಾಂಬರು ಮೆತ್ತಗಾಗಿರುತ್ತದೆ, ಒಳಗೆ ಉಸಿರು ಬಿಟ್ಟರೆ ಹೊಗೆ. ಮ್ಯಾನೇಜರಿಗೂ ಗಾಡಿ ಓಡಿಸುವ ಇಬ್ಬರು ಗಂಡಸರಿಗೂ ಕಂಪನಿ ದಪ್ಪ ಕೋಟು ಕೊಟ್ಟಿದೆ. ಚೀಲ ತುಂಬುವ ಹೆಂಗಸರಿಗೆ? "ನೀವು ಕೈಯಾಡಿಸ್ತಾನೇ ಇರ್ತೀರಲ್ಲ, ಮೈ ಬಿಸಿಯಾಗೇ ಇರುತ್ತೆ" ಅಂದನಂತೆ. ಎರಡು ಸ್ವೆಟರ್ ಮೇಲೆ ಒಂದು ಶಾಲು ಸುತ್ತಿಕೊಂಡು ನಿಲ್ಲುತ್ತಾಳೆ. ಬೆರಳ ತುದಿ ನೀಲಿಯಾಗುತ್ತದೆ. ಮೂರು ತಿಂಗಳಿಂದ ಕೆಮ್ಮು. "ಎದೆ ಬೆಚ್ಚಗಿಟ್ಕೋ, ಇಲ್ಲಾಂದ್ರೆ ಆ ಕೆಲ್ಸ ಬಿಡು" ಎಂದು ಡಾಕ್ಟರಮ್ಮ ಖಡಾಖಂಡಿತ ಹೇಳಿದ್ದಾರೆ. ಬಿಟ್ಟು ಎಲ್ಲಿಗೆ ಹೋಗುವುದು ಎಂದು ಮಾತ್ರ ಹೇಳಲಿಲ್ಲ.

ಅದಕ್ಕೇ ಕೋಟು ಹೊಲಿಯಲು ಕೂತೆ. ಫ್ಯಾಕ್ಟರಿಯಿಂದ ಊಟದ ಡಬ್ಬಿಯ ತಳದಲ್ಲಿ ಅಡಗಿಸಿ ತಂದ ಚೂರುಗಳು ನನ್ನ ಪೆಟ್ಟಿಗೆಯಲ್ಲಿ ಹಾಗೇ ಇದ್ದವಲ್ಲ, ಅವನ್ನೆಲ್ಲ ಸೇರಿಸಿ ಮೇಲ್ಬಟ್ಟೆ ಮಾಡಿದೆ. ಕೆಳಗೆ ಅಸ್ತರು, ನಡುವೆ ಹಳೆ ದಿಂಬಿನ ಹತ್ತಿ, ಮೂರನ್ನೂ ಹಿಡಿದು ಕೌದಿಗೆ ಹಾಕುವ ಹಾಗೆ ಒತ್ತೊತ್ತಾಗಿ ಕೈಹೊಲಿಗೆ. ಬೆನ್ನು ಮುಗಿಯಿತು. ಎದೆಯ ಎರಡು ಭಾಗ ಮುಗಿದವು. ತೋಳು ಎರಡೂ ಮುಗಿದವು. ಗುಂಡಿಯ ಮೈಗೆ ಇಟ್ಟು ನೋಡಿದರೆ ಎರಡೂ ಎಡತೋಳು.

ನಗು. ಗುಂಡಿಯೂ ನಕ್ಕಳು, ಕೆಮ್ಮು ಬರುವ ತನಕ. ಹತ್ತೊಂಬತ್ತು ವರ್ಷ ಬರೀ ಎಡತೋಳು ಹೊಲಿದ ಕೈ, ತಾನೇ ತಾನಾಗಿ ಎಡಕ್ಕೇ ಹೋಗಿದೆ. ಬೀದಿ ಮೂಲೆಯ ಟೈಲರ್ ಹತ್ತಿರ ಹೋದೆ.

"ಇಷ್ಟು ವರ್ಷ ಹೊಲಿದಿದೀನಿ ಅಂತೀರಾ, ಎಡ ಬಲ ಗೊತ್ತಾಗಲ್ವೇನಮ್ಮಾ?"

"ತಲೆಗೆ ಗೊತ್ತಾಗುತ್ತಪ್ಪಾ. ಕೈಗೆ ಗೊತ್ತಾಗಲ್ಲ."

"ಹೊಸ ಬಟ್ಟೆ ತನ್ನಿ, ಹೊಲ್ದು ಕೊಡ್ತೀನಿ. ಈ ಚಿಂದಿಗೆ ನನ್ನ ಸೂಜಿ ಹಾಕಲ್ಲ."

ಬಿಚ್ಚಿ ತಿರುಗಿಸೋಣವೆಂದರೆ ತೇಪೆಗೆ ಇರುವುದು ಒಂದೇ ಮುಖ. ಮಗುಚಿದರೆ ಅಸ್ತರು ಹೊರಗೆ ಬರುತ್ತದೆ. ನನ್ನ ಹತ್ತಿರ ಚೂರು ಮುಗಿದಿವೆ. ನಿನ್ನ ಪೆಟ್ಟಿಗೆಯಲ್ಲೂ ಅದೇ ಬಣ್ಣದ ಚೂರುಗಳಿವೆ ಎಂದು ನನಗೆ ಗೊತ್ತು. ಅಡಗಿಸುವುದನ್ನು ಕಲಿಸಿದವಳೇ ನೀನು.

ಲಕ್ಷಗಟ್ಟಲೆ ಕೋಟು ನಮ್ಮ ಕೈ ದಾಟಿ ಹೋದವು. ಒಂದು ಇಡೀ ಕೋಟು ಹೊಲಿಯಲು ನಮ್ಮಲ್ಲಿ ಒಬ್ಬಳಿಗೂ ಬರುವುದಿಲ್ಲ. ಹಾಗೆ ಕಲಿಸಿದರು ನಮಗೆ, ಬೇಕೆಂದೇ.

ಕಾಗದದ ಅಚ್ಚು ಇದರ ಜೊತೆ ಇಟ್ಟಿದ್ದೇನೆ. ಎಡದ್ದು. ತಿರುಗಿಸಿಕೋ. ಅಳತೆ ಎಂ, ನಮ್ಮ ಮೀಡಿಯಂ. ತೋಳು ಬಂದರೆ ಸಾಕು, ಉತ್ತರ ಬೇಕಾಗಿಲ್ಲ.

ಎಡತೋಳು

ಮಾರ್ಚ್ ೨

ಎಡತೋಳಿಗೆ,

ಹನ್ನೊಂದು ವರ್ಷಕ್ಕೆ ನೆನಪಾದೆ. ಅದೂ ಇಡೀ ನಾನಲ್ಲ, ಒಂದು ತೋಳು.

ನಿನ್ನ ಅಚ್ಚು ನೋಡಿದೆ. ಮೊಣಕೈ ಹತ್ತಿರ ಬಿಗಿ. ಒಳಗೆ ಹತ್ತಿ ಇಟ್ಟರೆ ಬಟ್ಟೆ ಕುಗ್ಗುತ್ತದೆ ಎನ್ನುವುದು ಮರೆತೆಯಾ? ಎಡತೋಳಿನವರಿಗೆ ಯಾವತ್ತೂ ಅವಸರ. "ಎಂ" ಅಂತೆ. ಎಂ ಎಂದರೆ ಯಾರ ಕೈ? ಸಮುದ್ರದಾಚೆಯ ಯಾವಳೋ ಕಾಣದವಳ ಕೈಗೆ ನಾನು ಜೀವಮಾನವಿಡೀ ಎಂ ಹೊಲಿದೆ. ಎತ್ತಿ ಆಡಿಸಿದ ಮಗುವಿಗೆ ಎಂ ಹೊಲಿಯುವುದಿಲ್ಲ. ಹೆಗಲಿನಿಂದ ಮೊಣಕೈಗೆ ಎಷ್ಟು, ಮೊಣಕೈಯಿಂದ ಮಣಿಕಟ್ಟಿಗೆ ಎಷ್ಟು, ಕೈ ಮಡಚಿದಾಗ ಎಷ್ಟು, ಬರೆದು ಕಳಿಸು.

ಹೊಲಿಯುತ್ತೇನೆ ಎಂದು ಇದರ ಅರ್ಥವಲ್ಲ.

ನಾನೀಗ ಯಜಮಾನರ ಜೊತೆ ಸೋಫಾದ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿದ್ದೇನೆ. ಅವರು ಸ್ಪಂಜು ಕತ್ತರಿಸುತ್ತಾರೆ, ನಾನು ಗವಸು ಹೊಲಿಯುತ್ತೇನೆ. ಸೋಫಾಕ್ಕೆ ತೋಳಿದೆ, ಎಡ ಬಲ ಎರಡನ್ನೂ ನಾನೇ ಹೊಲಿಯುತ್ತೇನೆ. ಕಲಿತುಕೊಂಡೆ. ಕಲಿಯದೆ ಗತಿ ಇರಲಿಲ್ಲ.

ಒಂದು ವಿಷಯ ನೀನಾಗಿ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಆವತ್ತು ಗೇಟಿನಲ್ಲಿ ನನಗೆ ಬೆನ್ನು ತಿರುಗಿಸಿ ನಿಂತವರು ನೂರಾ ಹನ್ನೆರಡು ಜನ. ಒಂದೊಂದೇ ಬೆನ್ನು ಎಣಿಸಿಕೊಂಡು ಒಳಗೆ ಹೋದೆ. ಎಲ್ಲಕ್ಕಿಂತ ಮುಂದಿದ್ದ ಬೆನ್ನು ನಿನ್ನದು. ಕುಪ್ಪಸದ ಎಡಹೆಗಲಲ್ಲಿ ಹೊಲಿಗೆ ಬಿಟ್ಟಿತ್ತು.

ಬಲತೋಳು

ಮಾರ್ಚ್ ೧೪

ಬಲತೋಳಿಗೆ,

ಹೆಗಲಿನಿಂದ ಮೊಣಕೈಗೆ ಹನ್ನೆರಡೂವರೆ ಇಂಚು. ಮೊಣಕೈಯಿಂದ ಮಣಿಕಟ್ಟಿಗೆ ಒಂಬತ್ತೂಮುಕ್ಕಾಲು. ಮಡಚಿದರೆ ಇಪ್ಪತ್ತಮೂರು. ಟೇಪು ಹಿಡಿದಾಗ ಗುಂಡಿ ನಗುತ್ತಿದ್ದಳು, ಕಾಲಿಂಚು ಅತ್ತ ಇತ್ತ ಆಗಿರಬಹುದು.

ಬೆನ್ನಿನ ಲೆಕ್ಕ ಹೇಳಿದೆಯಲ್ಲ, ನನ್ನ ಲೆಕ್ಕವನ್ನೂ ಕೇಳು. ನಾವು ಗೇಟಿನಾಚೆ ಕೂತದ್ದು ಏನು ಸಿಂಹಾಸನಕ್ಕಾ? ಉಚ್ಚೆ ಹೊಯ್ಯಲು ಹೋಗುವುದಕ್ಕೆ. ಲೈನಿಗೆ ಒಂದೇ ಹಿತ್ತಾಳೆ ಬಿಲ್ಲೆ, ಅದು ಖಾಲಿ ಇದ್ದರೆ ಹೋಗಬೇಕು, ಇಲ್ಲವಾದರೆ ಕಾಲು ಕೂಡಿಸಿಕೊಂಡು ಹೊಲಿಯಬೇಕು. ಸೂಪರ್‌ವೈಸರ್, ನಾವು ಗಡಿಯಾರ ಅನ್ನುತ್ತಿದ್ದವನು, ಬಾಗಿಲಲ್ಲಿ ನಿಂತು ನಿಮಿಷ ಎಣಿಸುತ್ತಿದ್ದ. ಏಳು ತಿಂಗಳ ಬಸುರಿ ಜೇಬು ಕೂತಲ್ಲೇ ಒದ್ದೆ ಮಾಡಿಕೊಂಡು ಅತ್ತ ದಿನ, ಬಿಲ್ಲೆಯನ್ನು ಕಸಿದು ಕಿಟಕಿಯಿಂದಾಚೆ ಎಸೆದವಳು ಯಾರು? ನೀನು. ಮುಷ್ಕರ ಶುರುವಾದದ್ದೇ ನಿನ್ನ ಕೈಯಿಂದ. ನಲವತ್ತೊಂದನೇ ದಿನ ಅದೇ ಕೈಯಲ್ಲಿ ಡಬ್ಬಿ ಹಿಡಿದು ತಲೆ ತಗ್ಗಿಸಿ ಒಳಗೆ ಹೋದದ್ದೂ ನೀನೇ. ಯಾಕೆ? ಹನ್ನೊಂದು ವರ್ಷ ನಿನಗಾಗಿ ಒಂದು ಕಾರಣ ಹುಡುಕಿದ್ದೇನೆ. ಮನೆಯಲ್ಲಿ ಹೆಚ್ಚುಕಡಿಮೆ ಆಗಿತ್ತಾ, ಯಾರಾದರೂ ಹೆದರಿಸಿದರಾ, ಏನಾದರೂ ಇರಲೇಬೇಕು ಎಂದುಕೊಂಡೆ. ಸಿಗಲಿಲ್ಲ. ನೀನಾದರೂ ಹೇಳು.

ಬರೆಯುತ್ತಾ ಬರೆಯುತ್ತಾ ಮೈ ಉರಿದು ಲೇಖನಿ ಕೆಳಗಿಟ್ಟೆ. ಈಗ ಮಧ್ಯಾಹ್ನ. ಕೋಟು ಎದುರಿಗೆ ಬಿದ್ದಿದೆ. ಇದನ್ನು ನೋಡಿದರೆ ಸಿಟ್ಟು ಉಳಿಯುವುದಿಲ್ಲ, ಅದು ನನ್ನ ಕಷ್ಟ.

ಬೆನ್ನಿನ ನಡುವೆ ಕಡುನೀಲಿ ಇದೆ. ಗುಂಡಿ ಹುಟ್ಟಿದ ವರ್ಷದ ಬಟ್ಟೆ. ಬಣ್ಣ ಕೈಗೆ ಬಿಟ್ಟು ಎಲ್ಲರ ಬೆರಳೂ ನೀಲಿ, ಕೂಸುಗಳ ಕೆನ್ನೆಯೂ ನೀಲಿ. ಅದರ ಪಕ್ಕ ಇಟ್ಟಿಗೆ ಬಣ್ಣ, ಎಂಟು ಭಾನುವಾರ ತಿಂದ ಆರ್ಡರ್. ಬೂದು ಬಣ್ಣ ಬಂದಾಗ ನೀನು ಮೂಗು ಮುರಿದು "ಇದು ಹೆಣಕ್ಕೂ ಚೆನ್ನಾಗಿರಲ್ಲ ಕಣೇ" ಅಂದೆ, ಗಡಿಯಾರ ಹಿಂದೆಯೇ ನಿಂತಿದ್ದ. ಟೇಬಲ್ಲಿನ ಆಕಡೆ ನೀನು, ಈಕಡೆ ನಾನು. ನಾನು ಕಂಕುಳಿನಿಂದ ಮಣಿಕಟ್ಟಿಗೆ, ನೀನು ಮಣಿಕಟ್ಟಿನಿಂದ ಕಂಕುಳಿಗೆ. ಇಬ್ಬರೂ ಒಂದೇ ಗಳಿಗೆಗೆ ದಾರ ಕತ್ತರಿಸಿ ತಲೆ ಎತ್ತುತ್ತಿದ್ದೆವು. ಗಡಿಯಾರದವನಿಗೆ ಅದೇ ಉರಿ. "ನೀವಿಬ್ರು ಹೊಲಿತಿದೀರೋ ಕುಣಿತಿದೀರೋ?"

ಮುಷ್ಕರದ ಬ್ಯಾನರ್ ನೆನಪಿದೆಯಾ? ಅಂಚು ಮಡಚುವ ಕೆಲಸ ಕಾಲರಿಗೆ ಕೊಟ್ಟೆವು. ಅವಳು ಕೈಚಟಕ್ಕೆ ಒಳಗೆ ಕಾಲರ್ ಸೆಟೆಯಲು ಇಡುವ ಗಟ್ಟಿ ಬಕ್ರಂ ಇಟ್ಟು ಹೊಲಿದುಬಿಟ್ಟಳು. ನಮ್ಮ ಬ್ಯಾನರಿಗೆ ಕಾಲರ್ ಇತ್ತು! ಗಾಳಿ ಬಂದರೂ ಅಲ್ಲಾಡದೆ ಸೆಟೆದು ನಿಲ್ಲುತ್ತಿತ್ತು. ನಮಗಿಂತ ಗಟ್ಟಿ ಅದೇ ಅಂತ ನೀನೇ ಅಂದಿದ್ದೆ.

ತೋಳು ಬೇಗ ಬೇಕು.

ಎಡತೋಳು

ಏಪ್ರಿಲ್ ೨೦

ಎಡತೋಳೇ,

ತಡವಾಯಿತು. ತೋಳು ಇನ್ನೂ ಹೊಲಿದಿಲ್ಲ. ನಿನ್ನ ಕಾಗದ ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟು ದಿನಾ ತೆಗೆದು ಓದುತ್ತಿದ್ದೆ. ಯಜಮಾನರು "ಯಾರದ್ದೇ ಅದು, ಪ್ರೇಮಪತ್ರಾನಾ?" ಅಂದರು. "ಹೂಂ, ಬೈದು ಬರೆದಿದಾಳೆ" ಅಂದೆ.

ಕಾರಣ ಕೇಳಿದೆ. ಕಾರಣವಿಲ್ಲ. ಮನೆಯಲ್ಲಿ ಯಾರೂ ಕಾಯಿಲೆ ಬಿದ್ದಿರಲಿಲ್ಲ. ಯಾರೂ ಬಂದು ಹೆದರಿಸಲಿಲ್ಲ. ಒಲೆ ಉರಿಯುತ್ತಿತ್ತು. ಯಜಮಾನರು "ಹೋಗ್ಬೇಡ, ಅವಳ ಮುಖ ಹೇಗೆ ನೋಡ್ತೀಯ" ಎಂದೇ ಹೇಳಿದರು.

ನನಗೆ ಹೆದರಿಕೆಯಾಯಿತು. ಅಷ್ಟೇ.

ನಲವತ್ತನೇ ದಿನ ಗೇಟಿನೆದುರು ಕೂತಿದ್ದಾಗ ನನ್ನ ಕೈ ನೋಡಿಕೊಂಡೆ. ಬೆರಳ ತುದಿಯ ಗಡಸು ಸುಲಿದು ಮೆತ್ತನೆಯ ಚರ್ಮ ಬಂದಿತ್ತು. ಈ ಕೈಗೆ ಬಲತೋಳು ಬಿಟ್ಟು ಬೇರೇನೂ ಗೊತ್ತಿಲ್ಲ, ಇದು ಅದನ್ನೂ ಮರೆತರೆ ನಾನು ಯಾರು ಎನಿಸಿತು. ನೀವೆಲ್ಲ ಘೋಷಣೆ ಕೂಗುತ್ತಿದ್ದಿರಿ. ನಾನು ಬರೀ ಬಾಯಿ ತೆರೆಯುತ್ತಿದ್ದೆ, ಮಡಿಲಲ್ಲಿ ಬೆರಳ ತುದಿ ಉಜ್ಜಿಕೊಳ್ಳುತ್ತಿದ್ದೆ. ಬಿಲ್ಲೆ ಎಸೆದವಳು ನಾನೇ. ಎಸೆಯಲು ಒಂದು ಕ್ಷಣದ ಸಿಟ್ಟು ಸಾಕು. ಕೂರಲು ದಿನಾ ಸಿಟ್ಟು ಬೇಕು, ನನ್ನ ಹತ್ತಿರ ಅಷ್ಟು ಇರಲಿಲ್ಲ. ದೊಡ್ಡ ಕಾರಣ ಒಂದಿದ್ದಿದ್ದರೆ ನಿನಗೂ ಒಳ್ಳೆಯದಿತ್ತು, ನನಗೂ. ಇಲ್ಲ.

ಈಗ ನೀನು ಹೇಳು. ಎಪ್ಪತ್ತಮೂರನೇ ದಿನ ನೀವೆಲ್ಲ ಒಳಗೆ ಬಂದಿರಲ್ಲ, ಆವತ್ತು ಮತ್ತೆ ಕೆಲಸಕ್ಕೆ ಸೇರಲು ನೀವು ಸಹಿ ಹಾಕಿದ ಕಾಗದದಲ್ಲಿ ಏನಿತ್ತು? ನಾನು ಸಹಿ ಹಾಕಿದ್ದಕ್ಕಿಂತ ಒಂದಕ್ಷರ ಬೇರೆ ಇತ್ತಾ?

ಆಮೇಲೆ ಫ್ಯಾಕ್ಟರಿ ಮುಚ್ಚುವ ತನಕ ಒಂದು ವರ್ಷ ಎದುರುಬದುರು ಕೂತು ಹೊಲಿದೆವು. ನೀನು ತಲೆ ಎತ್ತಲಿಲ್ಲ. ನಾನು ದಾರ ಕತ್ತರಿಸುವ ಮುಂಚೆ ಎರಡು ಎಣಿಸುತ್ತಿದ್ದೆ, ಇಬ್ಬರೂ ಒಂದೇ ಸಲ ತಲೆ ಎತ್ತುವ ಹಾಗಾಗದಿರಲಿ ಎಂದು. ನಿನ್ನ ತೋಳು, ನನ್ನ ತೋಳು ಜೋಡಿಯಾಗಿ ಕೋಟಾಗಿ ಹೋಗುತ್ತಿದ್ದವು. ಎಲ್ಲೋ ಯಾರೋ ಅದನ್ನು ಹಾಕಿಕೊಂಡು ಚಳಿಗೆ ಕೈಕಟ್ಟಿ ನಿಂತಿರುತ್ತಾರೆ. ಅಲ್ಲಿ ನಮ್ಮ ತೋಳುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ ಎಂದುಕೊಳ್ಳುತ್ತಿದ್ದೆ. ಹುಚ್ಚು.

ಅಳತೆ ತಪ್ಪಿದೆ. ನೀನು ಬರೆದ ಎರಡನ್ನೂ ಕೂಡಿಸಿದರೆ ಇಪ್ಪತ್ತೆರಡೂಕಾಲು, ಮಡಚಿದರೆ ಇಪ್ಪತ್ತಮೂರು ಬರಲು ಸಾಧ್ಯವೇ ಇಲ್ಲ. ನಕ್ಕರೆ ಕಾಲಿಂಚು ಹೋಗುತ್ತದೆ, ಮುಕ್ಕಾಲು ಇಂಚು ಹೋಗುವುದಿಲ್ಲ.

ಬಲತೋಳು

ಏಪ್ರಿಲ್ ೨೯

ಅಕ್ಕಾ,

ಒಂದಕ್ಷರವೂ ಬೇರೆ ಇರಲಿಲ್ಲ. ಅದೇ ಕಾಗದ, ಗಡಿಯಾರ ಚಾಚಿದ ಅದೇ ಪೆನ್ನು. ನೀನು ಎಸೆದ ಬಿಲ್ಲೆ ಮತ್ತೆ ಗೋಡೆಯ ಅದೇ ಮೊಳೆಯಲ್ಲಿ ನೇತಾಡುತ್ತಿತ್ತು.

ನೀನು ಬರುವುದು ದೂರದಿಂದ ಕಂಡಾಗ "ಎಲ್ಲ ಬೆನ್ನು ತಿರುಗಿಸಿ" ಎಂದು ಹೇಳಿದವಳು ನಾನು. ಅವರಾಗಿ ತಿರುಗಲಿಲ್ಲ. ಜೇಬು ತಿರುಗಲು ಒಪ್ಪಲಿಲ್ಲ, ಅವಳ ಭುಜ ಹಿಡಿದು ತಿರುಗಿಸಿದೆ. ನಿನ್ನ ಲೆಕ್ಕದಲ್ಲಿ ಇದನ್ನೂ ಸೇರಿಸಿಕೋ. ಮೂವತ್ತೆರಡು ದಿನ ಹೆಚ್ಚು ಕೂತೆ ಎಂಬುದನ್ನೇ ಹನ್ನೊಂದು ವರ್ಷ ತಲೆ ಮೇಲೆ ಹೊತ್ತು ಮೆರೆದೆ. ಬಡವರ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ನಮ್ಮ ಸಿಟ್ಟು ಮಾಲೀಕನ ಕೂದಲನ್ನೂ ಕೊಂಕಿಸಲಿಲ್ಲ, ಒಬ್ಬರ ದವಡೆ ಒಬ್ಬರು ಮುರಿದುಕೊಂಡೆವು.

ಅಳತೆಯ ವಿಷಯ. ನನಗೆ ಅಳೆಯಲು ಬರುವುದಿಲ್ಲ, ನಿಜ. ನಮಗೆ ಯಾವಾಗಲೂ ಕತ್ತರಿಸಿದ್ದೇ ಬರುತ್ತಿತ್ತಲ್ಲ. ಗುಂಡಿಗೆ ನಾಲ್ಕು ದಿನ ರಜೆ ಸಿಕ್ಕಿದೆ. ಭಾನುವಾರದ ಬಸ್ಸಿಗೆ ಹತ್ತಿಸುತ್ತೇನೆ, ಅರ್ಧ ಕೋಟನ್ನೂ ಅವಳ ಕೈಯಲ್ಲಿ ಕಳಿಸುತ್ತೇನೆ. ನೀನೇ ಅಳೆದುಕೋ. ಬಿಸಿನೀರು ಕುಡಿಸು, ಬಸ್ಸಿನ ಗಾಳಿಗೆ ಕೆಮ್ಮು ಜಾಸ್ತಿಯಾಗುತ್ತದೆ.

ನಾನು ಬರುವುದಿಲ್ಲ. ಬರಬಾರದೆಂದಲ್ಲ. ಮುಖ ಎಲ್ಲಿಟ್ಟುಕೊಂಡು ಬರಲಿ?

ನಿನ್ನ ತಂಗಿ

ಮೇ ೧೩

ತಂಗೀ,

ಕೂಸು ಬಂದು ಹೋಯಿತು. ಮನೆ ಬಿಕೋ ಎನ್ನುತ್ತಿದೆ. ಯಜಮಾನರು ಸ್ಪಂಜು ತಪ್ಪು ಕತ್ತರಿಸಿ ಆ ಅಪವಾದವನ್ನೂ ಅವಳ ಮೇಲೆ ಹಾಕಿದ್ದಾರೆ. "ಅವಳು ಇದ್ದಾಗ ಸರಿಯಾಗಿ ಕತ್ತರಿಸ್ತಿದ್ದೆ" ಅನ್ನುತ್ತಾರೆ.

ಬಸ್ಸಿನಿಂದ ಇಳಿದವಳು ನನ್ನನ್ನು ಗುರುತಿಸಲಿಲ್ಲ. ನಾನು ಗುರುತಿಸಿದೆ. ನಿನ್ನದೇ ನಡಿಗೆ, ಎಡಹೆಗಲು ಸ್ವಲ್ಪ ಮುಂದೆ. "ಗುಂಡೀ" ಎಂದೆ. ನಿಂತಳು. ಬಸ್‌ಸ್ಟ್ಯಾಂಡಿನ ನಡುವೆ ನಿಂತು, "ದೊಡ್ಡಮ್ಮಾ, ನನ್ನ ತಲೆಕೆಳಗು ಮಾಡಿದ್ದು ನೀವೇನಾ?" ಅಂದಳು.

"ಹೌದು ಕಣೇ. ಈಗ ಎತ್ತಕ್ಕಾಗಲ್ಲ, ಏನೂ ನುಂಗ್ಬೇಡ."

ಅಳತೆಗೆ ನಿಲ್ಲಿಸಿದೆ. ಟೇಪು ಹಿಡಿಯುವ ಮೊದಲು ಕೈ ಹಿಡಿದೆ. ತಂಗೀ, ನೀನು ನೀಲಿ ಎಂದು ಬರೆದೆ. ಗೆಣ್ಣು ಬಿರಿದಿದೆ ಎಂದು ಬರೆಯಲಿಲ್ಲ. ಇಪ್ಪತ್ತೆರಡು ವರ್ಷದ ಕೈಯಾ ಅದು? ನನ್ನ ಕೈ ಪಕ್ಕ ಇಟ್ಟು ನೋಡಿದೆ. ಯಾವುದು ಮುದುಕಿಯದ್ದು ಎಂದು ಹೇಳಲು ಬರುವ ಹಾಗಿರಲಿಲ್ಲ.

"ಎಷ್ಟು ಚಳಿ ಇರುತ್ತೆ ಒಳಗೆ?"

"ಮೈನಸ್ ಹದಿನೆಂಟು."

"ಅಂದ್ರೆ?"

"ಅಂದ್ರೆ, ಕಣ್ಣೀರು ಬಂದ್ರೆ ಒರೆಸ್ಕೊಳೋ ಅಷ್ಟ್ರಲ್ಲಿ ರೆಪ್ಪೆ ಅಂಟುತ್ತೆ ದೊಡ್ಡಮ್ಮ. ಅದಕ್ಕೇ ಒಳಗೆ ಯಾರೂ ಅಳಲ್ಲ, ಹೊರಗೆ ಬಂದು ಅಳ್ತೀವಿ."

ನಗುತ್ತಲೇ ಹೇಳಿದಳು. ನಾನು ಟೇಪು ಹುಡುಕುವವಳ ಹಾಗೆ ಬಗ್ಗಿದೆ.

ಮಡಚಿದರೆ ಇಪ್ಪತ್ತೆರಡೂಕಾಲು. ನಾನು ಹೇಳಲಿಲ್ಲವಾ?

ಪೆಟ್ಟಿಗೆ ತೆಗೆದೆ. ಕಡುನೀಲಿ ಇತ್ತು, ಇಟ್ಟಿಗೆ ಬಣ್ಣ ಇತ್ತು, ಹೆಣದ ಬೂದೂ ಇತ್ತು. ಚೂರುಗಳನ್ನು ಅವಳೇ ಹಾಸಿನ ಮೇಲೆ ಜೋಡಿಸಿದಳು, ನಾನು ಹೊಲಿದೆ. ಮಣಿಕಟ್ಟಿನಿಂದ ಕಂಕುಳಿಗೆ. ಹತ್ತು ವರ್ಷವಾಗಿತ್ತು. ಕೈ ಒಂದು ಸಲವೂ ದಾರಿ ಕೇಳಲಿಲ್ಲ. ಹೊಲಿಯುತ್ತಾ ಕೇಳಿದೆ, "ನಿಮ್ಮಮ್ಮ ನನ್ನ ಬಗ್ಗೆ ಏನಂತಾಳೆ?"

"ಏನೂ ಹೇಳಲ್ಲ. ಆದ್ರೆ ಮಿಷನ್ ಎದುರಿಗೆ ಯಾರನ್ನೂ ಕೂರೋಕ್ ಬಿಡಲ್ಲ. 'ಬೆಳಕಿಗೆ ಅಡ್ಡ ಆಗುತ್ತೆ, ಏಳು' ಅಂತಾಳೆ. ಬೆಳಕು ಬರೋದು ಹಿಂದಿನ ಕಿಟಕಿಯಿಂದ."

ತೋಳು ಮುಗಿಯಿತು. ಆಮೇಲೆ ನೋಡಿದರೆ ಇನ್ನೊಂದು ಪೇಚು. ತೋಳನ್ನು ಮೈಗೆ ಕೂಡಿಸುವುದು ನಮ್ಮಿಬ್ಬರ ಕೆಲಸವೇ ಅಲ್ಲವಲ್ಲ! ಅದು ಗೋಡೆಯಾಚೆಯ ಟೇಬಲ್ಲಿನದು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ಬಗ್ಗಿ ನೋಡಿದ್ದರೆ? ನೋಡಲು ಬಿಟ್ಟಿದ್ದರೆ ತಾನೆ. ಎರಡು ಸಲ ಕೂಡಿಸಿದೆ, ಎರಡು ಸಲವೂ ಕಂಕುಳಲ್ಲಿ ಗಂಟು. ಕೊನೆಗೆ ಗುಂಡಿ ಫೋನಿನಲ್ಲಿ ಯಾವಳೋ ತೋರಿಸುವುದನ್ನು ನೋಡಿ, "ದೊಡ್ಡಮ್ಮ, ಮೊದ್ಲು ಹೆಗಲ ಮಧ್ಯಕ್ಕೆ ಪಿನ್ನು, ಆಮೇಲೆ ಎರಡೂ ಕಡೆ ಇಳೀಬೇಕಂತೆ" ಎಂದಳು. ಸೂಜಿ ಹಿಡಿಯಲು ಬಾರದ ಹುಡುಗಿ ಹೇಳಿದ ಹಾಗೆ ಮಾಡಿದೆ. ಕೂತಿತು. ನಿನ್ನ ತೋಳನ್ನೂ ನಾನೇ ಕೂಡಿಸಿದೆ. ನಿನ್ನ ಹೊಲಿಗೆ ಈಗಲೂ ಕಂಕುಳ ಹತ್ತಿರ ಒತ್ತು, ಮಣಿಕಟ್ಟಿಗೆ ಬರುವಷ್ಟರಲ್ಲಿ ಸಡಿಲ. ಬೈಯಲು ನೀನು ಎದುರಿಗಿರಲಿಲ್ಲ.

ಅವಳು ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ತಂಗೀ, ನಾನು ಒಂದು ಇಡೀ ಕೋಟು ನೋಡಿದ್ದು ಅದೇ ಮೊದಲು. ಅಂಗಡಿ ಗಾಜಿನಾಚೆಗೆ ನೋಡಿದ್ದೇನೆ. ಅದು ಬೇರೆ.

ಅಕ್ಕ

ಜೂನ್ ೧೦

ಅಕ್ಕಾ,

ಕೋಟು ಹಾಕಿ ನಾಲ್ಕು ವಾರವಾಯಿತು, ಕೆಮ್ಮು ಕಡಿಮೆಯಾಗಿದೆ! ರಾತ್ರಿ ನಿದ್ದೆ ಮಾಡುತ್ತಾಳೆ. ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ನೋಡಿ "ಏನ್ಮಾಡಿದ್ರಿ?" ಅಂದರು. ಕೋಟು ತೋರಿಸಿದೆ. ಅವರೂ ಮುಟ್ಟಿ ಮುಟ್ಟಿ ನೋಡಿದರು.

ಮೊದಲ ದಿನ ಮ್ಯಾನೇಜರ್ "ಇದೇನು ಹಾಸಿಗೆ ಹೊದ್ಕೊಂಡು ಬಂದಿದೀಯಾ?" ಎಂದು ತಡೆದನಂತೆ. "ನೀವು ಕೊಡೋ ತನಕ ಹಾಸಿಗೇನೇ ಸಾರ್" ಅಂದಳಂತೆ. ಬಾಯಿ ಯಾರದ್ದೋ ಗೊತ್ತಿಲ್ಲ, ನನ್ನದಂತೂ ಅಲ್ಲ.

ಅವಳ ಜೊತೆ ಚೀಲ ತುಂಬುವವರು ಇನ್ನೂ ಎಂಟು ಜನ. ಊಟದ ಹೊತ್ತಿನಲ್ಲಿ ಒಬ್ಬೊಬ್ಬಳೂ ಐದೈದು ನಿಮಿಷ ಆ ಕೋಟು ಹಾಕಿಕೊಂಡು ಕೂರುತ್ತಾರಂತೆ. ನಮಗೂ ಬೇಕು ಎಂದು ಭಾನುವಾರ ಎಲ್ಲರೂ ನಮ್ಮ ಮನೆಗೇ ಬಂದರು. ಕೋಣೆ ತುಂಬ ಹುಡುಗಿಯರು, ಗದ್ದಲ, ನಗು. ಹಾಸಿನ ಮೇಲೆಲ್ಲ ಹಳೆ ಬಟ್ಟೆ ಸುರಿದಿದ್ದಾರೆ. ಅಕ್ಕಾ, ಎಷ್ಟು ವರ್ಷವಾಗಿತ್ತು!

ಒಂದು ಯೋಚನೆ ಬಂದಿದೆ. ನಾನು ಎಂಟು ಎಡತೋಳು ಹೊಲಿಯುತ್ತೇನೆ, ನೀನು ಎಂಟು ಬಲತೋಳು ಹೊಲಿದು ಕಳಿಸು. ಕಾಲರಿಗೂ ಬರೆದಿದ್ದೇನೆ, ಜೇಬನ್ನೂ ಹುಡುಕಿಸುತ್ತಿದ್ದೇನೆ. ಗಡಿಯಾರವಿಲ್ಲದ, ಬಿಲ್ಲೆಯಿಲ್ಲದ ಲೈನ್. ನಮ್ಮ ಲೈನ್ ಮತ್ತೆ ಓಡಲಿ. ಎಂಟು ಜನರ ಅಳತೆ ಇದರ ಜೊತೆ ಇದೆ. ಈ ಸಲ ನಗದೆ ನಿಲ್ಲಿಸಿ ಅಳೆದಿದ್ದೇನೆ.

ಬೇಗ ಹೂಂ ಅನ್ನು.

ತಂಗಿ

ಜೂನ್ ೧೮

ತಂಗೀ,

ಹೊಲಿಯುವುದಿಲ್ಲ.

ನಿನ್ನ ಕಾಗದ ಓದಿ ಮೊದಲು ನನಗೂ ಆಸೆಯಾಯಿತು. ಪೆಟ್ಟಿಗೆ ಕೆಳಗಿಳಿಸಿ ಎಂಟು ತೋಳಿಗೆ ಚೂರು ಸಾಲುತ್ತವಾ ಎಂದು ಹರಡಿದೆ. ಎರಡು ತೋಳಿಗೆ ಕತ್ತರಿಸಿಯೂ ಬಿಟ್ಟೆ. ಅಂಗಡಿಯವನು ಸೋಫಾ ತಡವಾಯಿತು ಎಂದು ಬೈದರೂ ಕಿವಿಗೆ ಬೀಳಲಿಲ್ಲ, ಅಷ್ಟು ಖುಷಿಯಲ್ಲಿದ್ದೆ. ಮೂರನೆಯದಕ್ಕೆ ಕತ್ತರಿ ಹಾಕುವಾಗ ಕೈ ನಿಂತಿತು.

ಯಾರಿಗೆ ಹೊಲಿಯುತ್ತಿದ್ದೇವೆ? ಒಂದು ತೋಳು ಹೊಲಿದೆ, ಅದು ನಮ್ಮ ಗುಂಡಿಗೆ. ಎಂಟು ಹೊಲಿದರೆ ಅದು ಕಂಪನಿಗೆ. ಅವನು ಕೊಡಬೇಕಾದ ಕೋಟನ್ನು ನಮ್ಮ ಹಳೆ ದಿಂಬು ಹರಿದು, ನಮ್ಮ ಕಣ್ಣು ಸವೆಸಿ, ನಾವು ಹೊಲಿದು ಕೊಡುವುದು. ಅವನಿಗೆ ಪುಕ್ಕಟೆ. ಅದೂ ಸಾಲದೆ ನಮ್ಮ ಹುಡುಗಿಯರು ಬೆಚ್ಚಗಾಗಿ ಬಾಯಿ ಮುಚ್ಚಿಕೊಂಡು ಇನ್ನಷ್ಟು ಚೀಲ ತುಂಬುತ್ತಾರೆ. ಮ್ಯಾನೇಜರ್ ಮೈಮೇಲಿನ ಕೋಟು ಅವನ ಅಮ್ಮ ಹೊಲಿದು ಕೊಟ್ಟದ್ದಾ? ನಾಳೆ ಹೊಸದಾಗಿ ಒಬ್ಬಳು ಕೆಲಸಕ್ಕೆ ಸೇರುತ್ತಾಳೆ. ಅವಳಿಗೆ ಹೊಲಿಯಲು ಅಮ್ಮ ಇಲ್ಲದಿದ್ದರೆ? ದೊಡ್ಡಮ್ಮ ಇಲ್ಲದಿದ್ದರೆ?

ನಿನಗೆ ಹಳೆ ದಿನ ಬೇಕಾಗಿದೆ. ನನಗೂ ಬೇಕು. ಬೆಳಗ್ಗೆ ಎದ್ದರೆ ಆ ಇಸ್ತ್ರಿಯ ಹಬೆ ವಾಸನೆ ಮೂಗಿಗೆ ಬರುತ್ತದೆ. ಆದರೆ ನಮ್ಮ ಆಸೆ ತೀರಿಸಿಕೊಳ್ಳಲು ಆ ಹುಡುಗಿಯರ ಸಿಟ್ಟಿಗೆ ಹತ್ತಿ ತುಂಬಿ ಹೊಲಿದುಬಿಡಬಾರದು. ಚಳಿ ಆಗುತ್ತಿದೆ ಎಂದು ಅವರೇ ಹೇಳಲಿ, ಕೋಟು ಕೊಡು ಎಂದು ಅವರೇ ಕೇಳಲಿ.

ಇದನ್ನು ಹೇಳಲು ನಿನಗೇನು ಯೋಗ್ಯತೆ ಅನ್ನುತ್ತೀಯ. ಇಲ್ಲ. ಯೋಗ್ಯತೆ ಇದ್ದವಳು ನೀನು ಹೇಳಲಿಲ್ಲ, ಅದಕ್ಕೆ ಇಲ್ಲದವಳು ಹೇಳಬೇಕಾಯಿತು.

ಸಿಟ್ಟು ಬಂದರೆ ಬೈದು ಬರಿ. ಬರೆಯುವುದು ಮಾತ್ರ ಬಿಡಬೇಡ.

ಅಕ್ಕ

ಜುಲೈ ೯

ಅಕ್ಕಾ,

ಬಂತು ಸಿಟ್ಟು. ಒಂದು ವಾರ ಇತ್ತು. ಬೈದು ಮೂರು ಕಾಗದ ಬರೆದೆ, ಮೂರನ್ನೂ ಒಲೆಗೆ ಹಾಕಿದೆ. ನಾಲ್ಕನೆಯದನ್ನು ಬರೆಯಲು ಕೂತಾಗ ಗುಂಡಿ ನಿನ್ನ ಕಾಗದ ಓದುತ್ತಿದ್ದಳು. ಎಂಟು ಜನರಿಗೂ ಓದಿ ಹೇಳಿದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಸೋಮವಾರ ಬೆಳಗ್ಗೆ ಒಂಬತ್ತು ಜನವೂ ಒಟ್ಟಿಗೆ ಮ್ಯಾನೇಜರ್ ಕೋಣೆಗೆ ಹೋದರು. ಗುಂಡಿ ಕೋಟು ಬಿಚ್ಚಿ ಅವನ ಟೇಬಲ್ ಮೇಲೆ ಇಟ್ಟಳು. "ಸಾರ್, ಇದು ಸ್ಯಾಂಪಲ್. ಒಂಬತ್ತು ಬೇಕು. ಹೊಸದಾಗಿ ಬರೋರಿಗೂ ಬೇಕು." ಅವನು ನಕ್ಕು, "ಈ ಚಿಂದೀನಾ?" ಅಂದ. "ಚಿಂದಿ ನಾವೇ ಮಾಡ್ಕೊಂಡಿದೀವಿ ಸಾರ್, ನೀವು ಒಳ್ಳೇದೇ ಕೊಡಿ." ಅವನು "ಹೊರಗೆ ಹೋಗಿ" ಎಂದ. ಹೋದರು. ಕೆಲಸಕ್ಕೆ ಮಾತ್ರ ಒಳಗೆ ಹೋಗಲಿಲ್ಲ. ಗೋಡೆಯ ಪಕ್ಕ ಬಿಸಿಲಿಗೆ ಕೂತರು.

ಇವತ್ತು ನಾಲ್ಕನೇ ದಿನ. ನಾನೂ ಹೋಗಿ ಕೂರುತ್ತೇನೆ. ಮುದುಕಿ ಯಾಕೆ ಎಂದು ಕಾವಲಿನವನು ಕೇಳಿದ. ಬಿಸಿಲು ಕಾಯುತ್ತಿದ್ದೇನೆ ಎಂದೆ. ಬೆಳಗ್ಗೆ ಒಬ್ಬಳು ಎದ್ದು ಒಳಗೆ ಹೋದಳು, ಎಲ್ಲರಿಗಿಂತ ಚಿಕ್ಕವಳು. ಉಳಿದವರು ಕೂಗಲು ಬಾಯಿ ತೆರೆದರು. ನನ್ನ ಬಾಯಿಯೂ ತೆರೆದಿತ್ತು, ಸುಳ್ಳು ಹೇಳುವುದಿಲ್ಲ. ಗುಂಡಿ, "ಬಿಡ್ರೇ, ಹೆದರಿಕೊಂಡಿದಾಳೆ. ಅವಳ ಊಟ ಇಲ್ಲೇ ಇದೆ, ಮಧ್ಯಾಹ್ನ ಬರ್ತಾಳೆ" ಅಂದಳು. ನಿನ್ನ ಮನೆಯಲ್ಲಿ ಆ ನಾಲ್ಕು ದಿನ ಬರೀ ತೋಳು ಹೊಲಿದಿರೋ ಇನ್ನೇನಾದರೂ ಹೇಳಿಕೊಟ್ಟೆಯೋ?

ಮಧ್ಯಾಹ್ನ ಅವಳು ಬರಲಿಲ್ಲ. ಡಬ್ಬಿಯನ್ನು ಒಳಗೆ ಕಳಿಸಿದೆವು.

ಬಾ ಎಂದು ಕರೆಯುತ್ತಿಲ್ಲ. ಕರೆಯುವ ಹಕ್ಕು ನನಗಿಲ್ಲ. ಏನಾಗುತ್ತಿದೆ ಎಂದು ತಿಳಿಸಿದೆ.

ತಂಗಿ

ಜುಲೈ ೧೨

ತಂಗೀ,

ನಾಳೆ ಮೊದಲ ಬಸ್ಸಿಗೆ ಹೊರಟಿದ್ದೇನೆ. ಈ ಕಾಗದಕ್ಕಿಂತ ಮುಂಚೆ ನಾನೇ ತಲುಪುತ್ತೇನೆ. ಆದರೂ ಬರೆದು ಈಗಲೇ ಡಬ್ಬಕ್ಕೆ ಹಾಕುತ್ತೇನೆ. ಹಾಕಿದ ಮೇಲೆ ಬೆಳಗ್ಗೆ ಮನಸ್ಸು ಬದಲಾದರೆ ನಿನ್ನ ಕೈಯಲ್ಲಿ ನನ್ನ ಸುಳ್ಳು ಉಳಿಯುತ್ತದಲ್ಲ, ಆ ನಾಚಿಕೆಗಾದರೂ ಬಸ್ಸು ಹತ್ತುತ್ತೇನೆ.

"ನಿನಗೇನು ಕೆಲ್ಸ ಅಲ್ಲಿ?" ಅಂದರು ಯಜಮಾನರು.

"ಕೂರೋದು."

"ಎಷ್ಟು ದಿನ?"

ಎದ್ದು ಚೀಲಕ್ಕೆ ಬಟ್ಟೆ ತುಂಬಿದೆ. ನಿನಗೂ ಹೇಳಲಾರೆ. ಎಷ್ಟು ದಿನವೆಂದು ಮಾತು ಕೊಟ್ಟು ಒಮ್ಮೆ ಕೆಟ್ಟಿದ್ದೇನೆ. ನಾಳೆಯ ಒಂದು ದಿನ ಕೊಡುತ್ತೇನೆ. ನಾಡಿದ್ದಿನದನ್ನು ನಾಡಿದ್ದು ಬೆಳಗ್ಗೆ ಕೇಳು.

ಹೆದರಿಕೆ ಹೋಗಿದೆ ಎಂದುಕೊಳ್ಳಬೇಡ. ಹೆದರಿಕೊಂಡೇ ಬರುತ್ತೇನೆ. ಒಳಗೆ ಹೋದ ಆ ಚಿಕ್ಕವಳು ಹೊರಗೆ ಬಂದರೆ ಅವಳನ್ನು ನನ್ನ ಪಕ್ಕಕ್ಕೆ ಕೂರಿಸು. ನಾವಿಬ್ಬರೂ ಮಾತಾಡಿಕೊಳ್ಳುತ್ತೇವೆ.

ಅಕ್ಕ